ಶುಭಾಶಯದ ‘ಭ’ ಮುಚ್ಚಿ ಹೋಗ್ತಾ ಉಂಟು. ಮನೆಯಲ್ಲೇ ಕಾರ್ಡ್ ಮಾಡಲಿಕ್ಕೆ ಯಾವ ಹಾಳೆ ತರಲಿ?

ಮುಳ್ಳೇರಿಯ ಅಕ್ಕ:

ಎಲ್ಲರಿಗೂ ನಮಸ್ಕಾರ. ವಿಷಯ ಸಣ್ಣದು. ಆದರೆ ಮೂರು ವಾರದಿಂದ ಇದೇ ತಲೆಬಿಸಿ.

ನಾನು ಪೆನ್ನಿನಲ್ಲಿ ಚಿತ್ರ ಬಿಡಿಸುತ್ತೇನೆ. ಕಲಾವಿದೆ ಎಂತದ್ದೂ ಅಲ್ಲ. ಅಡಿಕೆ ಹಾಳೆಯ ಟೊಪ್ಪಿ ಮುಟ್ಟಾಳೆ, ಅಂಗಳದಲ್ಲಿ ಹರವಿದ ಅಡಿಕೆ, ಯಕ್ಷಗಾನದ ಕಿರೀಟ, ನಮ್ಮ ತೋಟದ ಸುರಂಗ, ಇಂಥದ್ದೇ. ಸುರಂಗ ಅಂದರೆ ರೈಲಿನದ್ದಲ್ಲ. ಗುಡ್ಡಕ್ಕೆ ಅಡ್ಡವಾಗಿ ಕೊರೆದು ನೀರು ತರುವ ಸುರಂಗ. ಕಾಸರಗೋಡಿನವರಿಗೆ ಇದನ್ನು ಹೇಳಬೇಕಾಗಿಲ್ಲ, ಉಳಿದವರಿಗಾಗಿ ಬರೆದೆ.

ಕಳೆದ ದೀಪಾವಳಿಗೆ ಹತ್ತು ಕಾರ್ಡು ಕೈಯಲ್ಲೇ ಬರೆದು ನೆಂಟರಿಗೆ ಕಳಿಸಿದ್ದೆ. ಅದನ್ನು ನೋಡಿದವರೆಲ್ಲ ‘ನಮಗಿಲ್ವಾ’ ಅಂತ ಕೇಳಿದರು. ಈ ಸಲ ಪಟ್ಟಿ ಅರವತ್ತಕ್ಕೆ ಮುಟ್ಟಿದೆ. ಪುತ್ತೂರು, ಮೈಸೂರು, ಮುಂಬೈ, ಒಂದು ದುಬೈಗೂ ಉಂಟು. ಅರವತ್ತು ಕೈಯಲ್ಲಿ ಬರೆಯುವುದು ಆಗುವ ಕೆಲಸವಲ್ಲ. ಮಗನ ಆನ್‌ಲೈನ್ ಕ್ಲಾಸಿನ ಕಾಲದಲ್ಲಿ ತಂದ ಇಂಕ್ ಟ್ಯಾಂಕ್ ಪ್ರಿಂಟರ್ ಮನೆಯಲ್ಲಿ ಸುಮ್ನೆ ಕೂತಿತ್ತು. ಚಿತ್ರ ಸ್ಕ್ಯಾನ್ ಮಾಡಿ, ಕೆಳಗೆ ‘ದೀಪಾವಳಿಯ ಶುಭಾಶಯಗಳು’ ಅಂತ ಟೈಪ್ ಮಾಡಿ, ಎ4 ಹಾಳೆಗೆ ಪ್ರಿಂಟ್ ತೆಗೆದು ನಡುವೆ ಮಡಚಿದರೆ ಮುಗಿಯಿತು ಅಂದುಕೊಂಡೆ.

ಮುಗಿಯಲಿಲ್ಲ. ಅಲ್ಲಿಂದಲೇ ಕಥೆ ಶುರು.

ಮೊದಲು ಪೇಟೆಯ ಒಂದು ಅಂಗಡಿಗೆ ಹೋದೆ. ಅಂಗಡಿಯ ಹುಡುಗನಿಗೆ ಕನ್ನಡ ಅಷ್ಟಕ್ಕಷ್ಟೆ, ನನ್ನ ಮಲಯಾಳವೂ ಹಾಗೆಯೇ. ‘ಕಟ್ಟಿಯುಳ್ಳ ಕಡಲಾಸ್’ ಅಂದೆ. ಅವನು ಒಳಗಿಂದ ಚಾರ್ಟ್ ಪೇಪರಿನ ಸುರುಳಿ ತಂದಿಟ್ಟ. ತಪ್ಪು ಅವನದ್ದಲ್ಲ. ದಪ್ಪ ಕಾಗದ ಅಂತಲೇ ಕೇಳಿದ್ದು ನಾನು. ಮನೆಗೆ ತಂದು ಎ4 ಅಳತೆಗೆ ಕತ್ತರಿಸಿದೆ. ಸುರುಳಿ ಬಿಡಲೇ ಇಲ್ಲ. ಪ್ರಿಂಟರ್ ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಇವರು ಟಾರ್ಚ್ ಹಿಡಿದು, ನಾನು ಎಳೆದು, ಒಂದು ಗಂಟೆ.

ಎರಡನೆಯದು ಐವರಿ ಶೀಟ್. 250 ಜಿಎಸ್ಎಂ, ಎ4, ಐವತ್ತು ಹಾಳೆಯ ಪ್ಯಾಕೆಟ್. ನಮ್ಮ ಪ್ರಿಂಟರಿಗೆ ಹಿಂದಿನಿಂದ ಹಾಳೆ ಹಾಕುವುದು, ಹಾಗಾಗಿ ಸಿಕ್ಕಿಹಾಕಿಕೊಳ್ಳಲಿಲ್ಲ. ಕೈಗೆ ಚಂದ, ಮದುವೆ ಕಾಗದದ ಹಾಗೆ ಗಟ್ಟಿ. ಚೆನ್ನಾಗಿ ಬರಲಿ ಅಂತ ಸೆಟ್ಟಿಂಗಿನಲ್ಲಿ ‘ಗ್ಲಾಸಿ ಫೋಟೋ’, ‘ಹೈ ಕ್ವಾಲಿಟಿ’ ಎಲ್ಲ ಹಾಕಿದೆ. ನೋಡಿದರೆ ಶಾಯಿ ಹರಡಿದೆ. ನನ್ನ ತೆಳು ಗೆರೆಗಳೆಲ್ಲ ದಪ್ಪ. ಸುರಂಗದ ಬಾಯಿಗೆ ಪೂರ್ತಿ ಕಪ್ಪು ತುಂಬಿಸಿದ್ದೆ, ಅಲ್ಲಿ ಹಾಳೆ ಒದ್ದೆಯಾಗಿ ಅಲೆಅಲೆ ಎದ್ದಿತ್ತು.

ಅದೂ ಹೋಗಲಿ. ‘ಶುಭಾಶಯಗಳು’ ಅನ್ನುವಲ್ಲಿ ‘ಭ’ದ ಹೊಟ್ಟೆಯ ಸೀಳು ಮುಚ್ಚಿ ಹೋಗಿ ‘ಶುಬಾಶಯಗಳು’ ಆಗಿತ್ತು! ಒಳಗಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ‘ಸಮೃದ್ಧಿ’ ಅಂತ ಇತ್ತು. ಆ ‘ದ್ಧಿ’ಯ ಒತ್ತು ಬರೀ ಒಂದು ಕಪ್ಪು ಚುಕ್ಕೆ. ನನ್ನ ಅಪ್ಪ ಕನ್ನಡ ಮೇಷ್ಟ್ರಾಗಿದ್ದವರು. ‘ಮೇಷ್ಟ್ರ ಮಗಳು ಕಳಿಸಿದ ಶುಬಾಶಯ’ ಅಂತ ಇವರು ಎರಡು ದಿನ ನಗಾಡಿದರು. ನನಗೆ ನಗು ಬರಲಿಲ್ಲ.

ಮೂರನೆಯದು ಗ್ಲಾಸಿ ಫೋಟೋ ಪೇಪರ್. ಬಣ್ಣ ಅಂದರೆ ಬಣ್ಣ! ಅಕ್ಷರವೂ ಸ್ಪಷ್ಟ. ಆದರೆ ಹಿಂದಿನ ಬದಿಗೆ ಪ್ರಿಂಟ್ ಆಗುವುದಿಲ್ಲ. ಮಡಚಿದ ಕಡೆ ಬಿಳಿ ಗೆರೆ ಸೀಳಿಕೊಂಡು ಬಂತು. ಮುಟ್ಟಿದಲ್ಲೆಲ್ಲ ಬೆರಳಿನ ಗುರುತು. ಪೆನ್ನಿನ ಗೆರೆಯ ಚಿತ್ರ ಅಷ್ಟು ಮಿಂಚಿದರೆ ಕ್ಯಾಲೆಂಡರಿನ ಹಾಗೆ ಕಾಣುತ್ತದೆ, ಅದೂ ನನಗೆ ಹಿಡಿಸಲಿಲ್ಲ.

ಕೊನೆಗೆ ‘ನೀವೇ ಮಾಡಿಕೊಡಿ’ ಅಂತ ಒಂದು ಡಿಟಿಪಿ ಅಂಗಡಿಗೆ ಫೈಲ್ ತಗೊಂಡು ಹೋದೆ. ನಾನು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಅವರ ಕಂಪ್ಯೂಟರಿನಲ್ಲಿ ತೆರೆದರೆ ಒಂದೇ ಒಂದು ಕನ್ನಡ ಅಕ್ಷರ ಇಲ್ಲ, ಏನೇನೋ ಚಿಹ್ನೆಗಳ ಸಾಲು. ವಾಪಸ್ ಬಂದೆ.

ಈಗ ಐವರಿ ಹಾಳೆ ನಲವತ್ತೆಂಟು ಉಳಿದಿವೆ. ಆಟಿ ತಿಂಗಳ ಮಳೆಗೆ ಅವುಗಳ ಅಂಚೂ ಬಾಗಲಿಕ್ಕೆ ಶುರುವಾಗಿದೆ. ಯಾವ ಹಾಳೆ ತರಲಿ? ಎಷ್ಟು ಜಿಎಸ್ಎಂ? ಎರಡೂ ಬದಿಗೆ ಪ್ರಿಂಟ್ ಆಗಬೇಕು, ಮಡಚಿದರೆ ಒಡೆಯಬಾರದು, ‘ಭ’ ‘ಭ’ವಾಗಿಯೇ ಇರಬೇಕು. ಇಷ್ಟೇ.

ಕುಂಬಳೆ ಅಚ್ಚುಮೊಳೆ:

ತಂಗೀ, ‘ಭ’ದ ಹೊಟ್ಟೆ ಮುಚ್ಚುವುದು ನಿಮ್ಮ ಪ್ರಿಂಟರ್ ಕಂಡುಹಿಡಿದ ರೋಗವಲ್ಲ. ನಾನು ಪ್ರೆಸ್ಸಿಗೆ ಸೇರಿದಾಗ ಅಕ್ಷರದ ಅಚ್ಚುಮೊಳೆ ಒಂದೊಂದಾಗಿ ಜೋಡಿಸುವ ಕಾಲ. ಶಾಯಿ ಸ್ವಲ್ಪ ಜಾಸ್ತಿಯಾದರೆ ‘ಭ’, ‘ಧ’, ‘ಢ’ ಮೂರೂ ಒಟ್ಟಿಗೆ ಕೈಕೊಡುತ್ತಿದ್ದವು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಮತ್ತು ಒಂದು ಗುಂಡುಸೂಜಿ ಇಟ್ಟುಕೊಂಡು ಮೊಳೆಯ ಸೀಳು ಬಿಡಿಸುವುದೇ ಒಂದು ಕೆಲಸ. ಮದುವೆ ಕಾಗದದಲ್ಲಿ ‘ಶುಬ ವಿವಾಹ’ ಅಂತ ಹೋದರೆ ಹುಡುಗಿಯ ಅಪ್ಪ ಪ್ರೆಸ್ಸಿಗೇ ಬಂದು ನಿಲ್ಲುತ್ತಿದ್ದರು.

ನಿಮ್ಮ ತೊಂದರೆಗೆ ಬರುತ್ತೇನೆ. ನೀವು ಹಾಳೆಯನ್ನು ದಪ್ಪದಿಂದ ಆರಿಸಿದ್ದೀರಿ. ಆರಿಸಬೇಕಾದದ್ದು ಮೈ ನೋಡಿ. ಜಿಎಸ್ಎಂ ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ. ಅಷ್ಟೇ. ಶಾಯಿ ಹೇಗೆ ಕೂರುತ್ತದೆ ಅಂತ ಅದು ಹೇಳುವುದಿಲ್ಲ. ಇಂಕ್‌ಜೆಟ್ ಶಾಯಿ ನೀರಿನದ್ದು. ಐವರಿಗೆ ಇಂಕ್‌ಜೆಟ್ ಲೇಪನ ಇರುವುದಿಲ್ಲ. ಬಿದ್ದ ಹನಿ ನಾರಿನ ಜೊತೆ ಓಡುತ್ತದೆ. ಲೇಪನ ಇರುವ ಹಾಳೆಯಲ್ಲಿ ಹನಿ ಬಿದ್ದಲ್ಲೇ ನಿಲ್ಲುತ್ತದೆ. ಗ್ಲಾಸಿಯಲ್ಲಿ ಅಕ್ಷರ ಸ್ಪಷ್ಟ ಬಂದದ್ದು ಅದಕ್ಕೆ. ನಿಮಗೆ ಬೇಕಾದದ್ದು ಅದೇ ಜಾತಿಯದ್ದು, ಆದರೆ ಮಿಂಚಿಲ್ಲದ್ದು. ‘ಡಬಲ್ ಸೈಡ್ ಮ್ಯಾಟ್ ಇಂಕ್‌ಜೆಟ್ ಪೇಪರ್’ ಅಂತ ಕೇಳಿ. ಈ ಐದು ಪದದಲ್ಲಿ ಒಂದನ್ನೂ ಬಿಡಬೇಡಿ. ಬರೀ ‘ಮ್ಯಾಟ್ ಕಾರ್ಡ್’ ಅಂದರೆ ಆಫ್‌ಸೆಟ್ ಪ್ರೆಸ್ಸಿಗೆ ಬಳಸುವ ಆರ್ಟ್ ಕಾರ್ಡ್ ಕೊಟ್ಟಾರು. ಅದರ ಲೇಪನ ಬೇರೆ. ನಿಮ್ಮ ಶಾಯಿ ಅದರ ಮೇಲೆ ಒಣಗದೆ ಕೂತು ಕೈಗೆ ಮೆತ್ತುತ್ತದೆ. 200ರ ಆಸುಪಾಸು ಸಾಕು. ತರುವ ಮೊದಲು ಪ್ರಿಂಟರಿನ ಪುಸ್ತಕದಲ್ಲಿ ಎಷ್ಟು ದಪ್ಪದವರೆಗೆ ಆಗುತ್ತದೆ ಅಂತ ನೋಡಿ.

ಐವರಿಯನ್ನು ಬಿಸಾಡಬೇಡಿ. ಒಂದು ಪರೀಕ್ಷೆ ಉಂಟು. ಸಾದಾ ಹಾಳೆಯಲ್ಲಿ ‘ಪ್ಲೇನ್ ಪೇಪರ್’ ಸೆಟ್ಟಿಂಗಿನಲ್ಲಿ ಒಂದು ಕಪ್ಪು ಗೆರೆ, ಒಂದು ಕೆಂಪು ಗೆರೆ ಪ್ರಿಂಟ್ ತೆಗೆಯಿರಿ. ಒಣಗಿದ ಮೇಲೆ ಒದ್ದೆ ಬೆರಳಿನಲ್ಲಿ ಎರಡನ್ನೂ ಒರೆಸಿ. ಕಪ್ಪು ಅಲುಗದೆ ಕೆಂಪು ಮಾತ್ರ ಕದಡಿದರೆ ನಿಮ್ಮದು ಪಿಗ್ಮೆಂಟ್ ಕಪ್ಪು, ಅಂದರೆ ನೀರಿನಲ್ಲಿ ಕರಗದ ಪುಡಿಬಣ್ಣದ್ದು; ಉಳಿದದ್ದು ಡೈ, ಅಂದರೆ ನೀರಿನಲ್ಲಿ ಕರಗುವ ಬಣ್ಣ. ಹಾಗಿದ್ದರೆ ನೀವು ಮಾಡಿದ ಎಡವಟ್ಟು ಎಲ್ಲಿ ಅಂತ ನನಗೆ ಗೊತ್ತಾಯಿತು. ಈ ಜಾತಿಯ ಎಷ್ಟೋ ಪ್ರಿಂಟರುಗಳು ಫೋಟೋ ಸೆಟ್ಟಿಂಗ್ ಹಾಕಿದ ಕೂಡಲೇ ಪಿಗ್ಮೆಂಟ್ ಕಪ್ಪನ್ನು ಬಿಟ್ಟು, ಬಣ್ಣಗಳನ್ನು ಕಲಸಿ ಕಪ್ಪು ಮಾಡುತ್ತವೆ. ಅಂದರೆ ಒಂದು ಶಾಯಿಯ ಜಾಗಕ್ಕೆ ಮೂರು ಶಾಯಿ. ಐವರಿ ಎಷ್ಟು ಅಂತ ಕುಡಿದೀತು? ಗೆರೆ ಚಿತ್ರಕ್ಕೆ ‘ಪ್ಲೇನ್ ಪೇಪರ್’ ಅಂತಲೇ ಹಾಕಿ ನೋಡಿ.

ಇನ್ನು ಅಕ್ಷರ. ದಪ್ಪಕ್ಷರ, ಅಂದರೆ ಬೋಲ್ಡ್, ಬೇಡ. ಬೋಲ್ಡ್ ಮಾಡಿದಷ್ಟೂ ಸೀಳು ಕಿರಿದಾಗುತ್ತದೆ. ತೆಳು ಅಕ್ಷರವನ್ನು ಎರಡು ಪಾಯಿಂಟ್ ದೊಡ್ಡದು ಮಾಡಿ.

ಮಡಚುವಾಗ ಒಡೆಯುವುದಕ್ಕೆ ಒಂದು ಕಾರಣ ಗ್ರೇನ್. ಕಾರ್ಖಾನೆಯಲ್ಲಿ ಕಾಗದ ಓಡುವ ದಿಕ್ಕಿಗೆ ನಾರುಗಳು ಸಾಲಾಗಿ ಮಲಗುತ್ತವೆ. ದಿನಪತ್ರಿಕೆಯನ್ನು ಮೇಲಿನಿಂದ ಕೆಳಕ್ಕೆ ಹರಿಯಿರಿ, ನೆಟ್ಟಗೆ ಹರಿಯುತ್ತದೆ. ಅಡ್ಡಕ್ಕೆ ಹರಿಯಿರಿ, ಅಡ್ಡಾದಿಡ್ಡಿ. ನಾರಿನ ಉದ್ದಕ್ಕೆ ಮಡಚಿದರೆ ಹಾಳೆ ತಾನಾಗಿ ಬಗ್ಗುತ್ತದೆ, ಅಡ್ಡಕ್ಕೆ ಮಡಚಿದರೆ ನಾರು ಮುರಿಯುತ್ತದೆ. ಅಂಗಡಿಯ ಎ4 ಹೆಚ್ಚಾಗಿ ಉದ್ದ ಗ್ರೇನಿನದ್ದು. ಅದನ್ನು ನಡುವೆ ಮಡಚಿದರೆ ಮಡಿಕೆ ನಾರಿಗೆ ಅಡ್ಡ ಬಿತ್ತು. ಅದಕ್ಕೇ ಪ್ರೆಸ್ಸಿನವರು 25×36 ಇಂಚಿನ ದೊಡ್ಡ ಶೀಟ್ ತಂದು ಬೇಕಾದ ಹಾಗೆ ಕತ್ತರಿಸುವುದು. 36ರ ಉದ್ದಕ್ಕೆ ಗ್ರೇನ್ ಇದ್ದರೆ ಒಂದು ಶೀಟಿನಲ್ಲಿ ಎಂಟು ಎ4 ಬರುತ್ತದೆ, ಎಲ್ಲದರ ಗ್ರೇನೂ ಮಡಿಕೆಯ ದಿಕ್ಕಿಗೇ ಇರುತ್ತದೆ. ಕಟಿಂಗ್ ಮಷೀನ್ ಇರುವ ಪ್ರೆಸ್ಸಿಗೆ ಹೋಗಿ ಕೇಳಿ, ಕತ್ತರಿಸಿ ಕೊಡುತ್ತಾರೆ.

ಮಳೆಯದ್ದು ಕೊನೆಗೆ. ಪ್ಯಾಕೆಟ್ ಒಡೆದ ಹಾಳೆ ಗಾಳಿಯ ನೀರು ಕುಡಿಯುತ್ತದೆ. ನಮ್ಮ ಪ್ರೆಸ್ಸಿನಲ್ಲಿ ಮಳೆಗಾಲ ಪೂರ್ತಿ ಕಾಗದದ ಕೋಣೆಯಲ್ಲಿ ಒಂದು ಬಲ್ಬ್ ಉರಿಯುತ್ತಲೇ ಇರುತ್ತಿತ್ತು. ನೀವು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಾಯಿ ಮುಚ್ಚಿ, ಮೇಲೆ ಭಾರ ಇಡಿ. ಬೇಕಾದ ನಾಲ್ಕು ಹಾಳೆ ಮಾತ್ರ ಹೊರಗೆ ತೆಗೆಯಿರಿ.

ಹೊಸಂಗಡಿ ಪೊರ್ಬು:

ಇಷ್ಟೆಲ್ಲ ಯಾಕೆ ಅಕ್ಕಾ? ಪೆನ್ ಡ್ರೈವ್ ತಗೊಂಡು ಮಂಗಳೂರಿಗೆ ಹೋಗಿ, ಕಲರ್ ಲೇಸರಿನಲ್ಲಿ 300 ಜಿಎಸ್ಎಂ ಆರ್ಟ್ ಕಾರ್ಡಿಗೆ ಹೊಡೆಸಿದರೆ ಅರ್ಧ ಗಂಟೆಯ ಕೆಲಸ. ನಾನು ಕಳೆದ ಕ್ರಿಸ್ಮಸ್ಸಿಗೆ ಹಾಗೇ ಮಾಡಿದ್ದು. ಇಲ್ಲದಿದ್ದರೆ ಮಿಕ್ಕ ಗ್ಲಾಸಿ ಪೇಪರನ್ನೇ ಕೊಂಡುಹೋಗಿ ಲೇಸರಿಗೆ ಹಾಕಿಸಿ, ದುಡ್ಡೂ ಉಳಿಯುತ್ತದೆ.

ಕುಂಬಳೆ ಅಚ್ಚುಮೊಳೆ:

ಪೊರ್ಬುಗಳೇ, ಮೊದಲನೆಯದು ಸರಿ. ಎರಡನೆಯದನ್ನು ದಯವಿಟ್ಟು ಯಾರೂ ಮಾಡಬೇಡಿ. ಲೇಸರ್ ಯಂತ್ರದ ಒಳಗೆ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಬಿಸಿ ರೋಲರ್ ಉಂಟು. ಇಂಕ್‌ಜೆಟ್ಟಿನ ಗ್ಲಾಸಿ ಹಾಳೆ ಅಲ್ಲಿ ಹೋದರೆ ಲೇಪನ ಕರಗಿ ರೋಲರಿಗೇ ಸುತ್ತಿಕೊಳ್ಳಬಹುದು. ಅಂಗಡಿಯವನ ಯಂತ್ರ ಹಾಳಾಗುತ್ತದೆ. ಸ್ನೇಹವೂ.

ಲೇಸರಿನಲ್ಲಿ ಅಕ್ಷರ ಕತ್ತರಿಸಿದ ಹಾಗೆ ಬರುತ್ತದೆ, ಒಪ್ಪುತ್ತೇನೆ. ಆದರೆ ಪುಡಿ ಕಾಗದದ ಮೇಲೆ ಕೂರುವುದು, ಒಳಗೆ ಇಳಿಯುವುದಿಲ್ಲ. ಮಡಿಕೆಯ ಮೇಲೆ ಗಾಢ ಬಣ್ಣ ಇದ್ದರೆ ಹೊಟ್ಟಿನ ಹಾಗೆ ಉದುರುತ್ತದೆ. ಮಡಿಕೆಯ ಎರಡೂ ಬದಿ ಸ್ವಲ್ಪ ಜಾಗ ಬಿಳಿ ಬಿಡಬೇಕು. ಅಕ್ಷರ ಚಿಹ್ನೆಗಳಾಗುವುದಕ್ಕೆ ಮದ್ದು ಪಿಡಿಎಫ್. ಮನೆಯಲ್ಲೇ ಪಿಡಿಎಫ್ ಮಾಡಿ ಕೊಂಡುಹೋಗಿ, ಫಾಂಟ್ ಅದರ ಒಳಗೇ ಕೂತಿರುತ್ತದೆ. ಎಲ್ಲಿ ತೆರೆದರೂ ಕನ್ನಡವೇ.

ಉಪ್ಪಳದ ಸುಮ:

ಅಕ್ಕಾ, ನಾನು ನಾಲ್ಕು ವರ್ಷದಿಂದ ಬಿಸು ಹಬ್ಬಕ್ಕೂ ಚೌತಿಗೂ ಕಾರ್ಡು ಮಾಡಿ ಅಂಚೆಗೆ ಹಾಕುತ್ತಿದ್ದೇನೆ. ಅಚ್ಚುಮೊಳೆ ಅಣ್ಣನಷ್ಟು ಓದಿಕೊಂಡವಳಲ್ಲ. ಆದರೆ ಒಂದು ಮಾತು ಯಾರೂ ಹೇಳಲಿಲ್ಲ. ಅಷ್ಟು ದೊಡ್ಡ ಕಾರ್ಡು ಯಾಕೆ?

ತೂಕದ ಲೆಕ್ಕ ನೋಡಿ. ಹದಿನಾರು ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್. ಅಂದರೆ ನಿಮ್ಮ 250ರ ಒಂದು ಹಾಳೆ ಹದಿನೈದೂವರೆ ಗ್ರಾಂನ ಮೇಲೆ ತೂಗುತ್ತದೆ. ಅದು ಹಿಡಿಸುವ ಸಿ5 ಲಕೋಟೆ ಏಳು ಗ್ರಾಂ ಆದರೂ ಇರುತ್ತದೆ. ಒಟ್ಟು 20 ಗ್ರಾಂ ದಾಟಿತು. ಅಂಚೆಯವರು ಕಾಗದ ತೂಗುವುದು 20 ಗ್ರಾಂನ ಲೆಕ್ಕದಲ್ಲಿ. ಒಂದೆರಡು ಗ್ರಾಂ ಮೀರಿದರೂ ಮುಂದಿನ ಇಪ್ಪತ್ತರ ದುಡ್ಡು. ನೀವು ಕಮ್ಮಿ ಸ್ಟಾಂಪ್ ಹಚ್ಚಿ ಡಬ್ಬಿಗೆ ಹಾಕಿದರೆ ಆ ಕಡೆಯವರು ದಂಡ ಕೊಟ್ಟು ಬಿಡಿಸಿಕೊಳ್ಳಬೇಕು. ನನ್ನ ಮೊದಲ ವರ್ಷದ ಕಾರ್ಡಿಗೆ ಶಿರಸಿಯ ಅತ್ತೆ ದಂಡ ಕೊಟ್ಟಿದ್ದರು. ಇವತ್ತಿಗೂ ಫೋನಿನಲ್ಲಿ ಅದನ್ನು ಎತ್ತುತ್ತಾರೆ.

ಹಾಗಾಗಿ ಎ4 ಹಾಳೆಯನ್ನು ಅಡ್ಡಕ್ಕೆ ಎರಡು ತುಂಡು ಮಾಡಿ. ಒಂದೊಂದು ತುಂಡನ್ನು ಮಡಚಿ. ಎ6 ಕಾರ್ಡು ಆಗುತ್ತದೆ, 105×148 ಮಿಲಿಮೀಟರ್, ಸಾದಾ ಪೋಸ್ಟ್ ಕಾರ್ಡಿನ ಹತ್ತಿರದ ಅಳತೆ. ಇದಕ್ಕೆ ಸಿ6 ಲಕೋಟೆ, 114×162, ಸರಿಯಾಗಿ ಕೂರುತ್ತದೆ. ಎರಡೂ ಸೇರಿ ಹನ್ನೆರಡು ಗ್ರಾಂನ ಸುತ್ತ. ಅರವತ್ತು ಕಾರ್ಡಿಗೆ ಮೂವತ್ತೇ ಹಾಳೆ. ಪ್ರಿಂಟ್ ಮಾತ್ರ ಎ4ನಲ್ಲೇ ತೆಗೆಯಿರಿ, ಒಂದು ಹಾಳೆಗೆ ಎರಡು ಕಾರ್ಡು, ಆಮೇಲೆ ಕತ್ತರಿಸಿ. ಸಣ್ಣ ತುಂಡು ಪ್ರಿಂಟರಿಗೆ ಓರೆಯಾಗಿ ಹೋಗುತ್ತದೆ.

ಇನ್ನೊಂದು ವಿಚಿತ್ರ. ನಾನು ಈ ಅಳತೆಯಲ್ಲಿ ಮಾಡಿದ ಕಾರ್ಡು ಮಡಿಕೆಯಲ್ಲಿ ಒಡೆದದ್ದೇ ಇಲ್ಲ. ಯಾಕೆ ಅಂತ ಅಣ್ಣ ಗ್ರೇನಿನ ವಿಷಯ ಬರೆದದ್ದನ್ನು ಓದಿದ ಮೇಲೆ ಹಾಳೆ ಎದುರಿಗಿಟ್ಟು ನೋಡಿದೆ. ನಾರು ಎ4ರ ಉದ್ದಕ್ಕೆ ಉಂಟು ಅಂತಾದರೆ, ಅರ್ಧ ಮಾಡಿದ ತುಂಡಿನಲ್ಲಿ ಅದು ಗಿಡ್ಡ ಬದಿಗೆ ಬರುತ್ತದೆ. ಮಡಿಕೆಯೂ ಗಿಡ್ಡ ಬದಿಗೇ. ಅಲ್ವಾ ಅಣ್ಣ?

ಮಡಚುವ ಮೊದಲು ಗೆರೆ ಹಾಕಿ. ಶಾಯಿ ಮುಗಿದ ಬಾಲ್ ಪೆನ್ ಸಾಕು. ಕೆಳಗೆ ಹಳೇ ಪತ್ರಿಕೆ ನಾಲ್ಕು ಮಡಿಕೆ ಇಟ್ಟು, ಸ್ಕೇಲ್ ಹಿಡಿದು ಒತ್ತಿ ಎಳೆಯಿರಿ. ಒಂದು ಬದಿ ಗುಳಿ, ಇನ್ನೊಂದು ಬದಿ ಉಬ್ಬು ಬರುತ್ತದೆ. ಉಬ್ಬು ಕಾರ್ಡಿನ ಒಳಗೆ ಬರಬೇಕು. ನಾನು ಮೊದಲು ಗುಳಿಯನ್ನೇ ಒಳಗೆ ಮಾಡಿ ಮಡಚುತ್ತಿದ್ದೆ. ಅದು ಉಲ್ಟಾ.

ಕೈಕಾಗದದ ಆಸೆ ನಿಮಗೂ ಬಂದೀತು, ಹೂವಿನ ಎಸಳು ಸೇರಿಸಿದ್ದು ಸಿಗುತ್ತದೆ. ಪ್ರಿಂಟರಿಗೆ ಹಾಕಬೇಡಿ, ಅದರ ನಾರಿನ ಧೂಳು ಶಾಯಿಯ ತೂತಿಗೆ ಕೂರುತ್ತದೆ. ಬೇಕೇ ಬೇಕಿದ್ದರೆ ಚಿತ್ರವನ್ನು ತೆಳು ಹಾಳೆಗೆ ಪ್ರಿಂಟ್ ತೆಗೆದು ಕೈಕಾಗದದ ಮೇಲೆ ಅಂಟಿಸಿ. ಅಂಟಿಸಲಿಕ್ಕೆ ಕಡ್ಡಿ ಗೋಂದು, ಅಂದರೆ ಗ್ಲೂ ಸ್ಟಿಕ್. ನೀರು ಗೋಂದು ಹಾಕಿದರೆ ಬಣ್ಣ ಕದಡಿ ಕಾರ್ಡು ಹಪ್ಪಳದ ಹಾಗೆ ಸೊಟ್ಟ.

ಕುಂಬಳೆ ಅಚ್ಚುಮೊಳೆ:

ಸುಮ ಹೇಳಿದ್ದು ಸರಿ. ಮೂವತ್ತು ವರ್ಷ ಕಾಗದ ಕತ್ತರಿಸಿದವನಿಗೆ ಇದು ಹೊಳೆಯಲಿಲ್ಲ, ನಾಚಿಕೆಯಾಯಿತು. ದೊಡ್ಡ ಶೀಟು, ಪ್ರೆಸ್ಸು, ಕಟಿಂಗ್ ಮಷೀನ್ ಅಂತ ನಾನು ಊರು ಸುತ್ತಿಸುತ್ತಿದ್ದೆ. ಬೇಡ. ಉದ್ದ ಗ್ರೇನಿನ ಎ4 ಅರ್ಧ ಮಾಡಿದರೆ ಮಡಿಕೆ ನಾರಿನ ದಿಕ್ಕಿಗೇ ಬರುತ್ತದೆ. ತಂಗೀ, ನಿಮ್ಮ ಐವರಿ ಯಾವ ಗ್ರೇನಿನದ್ದು ಅಂತ ಮಾತ್ರ ಒಮ್ಮೆ ನೋಡಿಕೊಳ್ಳಿ. ಹಾಳೆಯನ್ನು ಮಡಚದೆ ಸುಮ್ನೆ ಎರಡೂ ಕಡೆಗೆ ಬಗ್ಗಿಸಿ. ಯಾವ ಕಡೆಗೆ ಸುಲಭದಲ್ಲಿ ಸುರುಳಿಯಾಗುತ್ತದೋ ಆ ಸುರುಳಿಯ ಉದ್ದಕ್ಕೆ ನಾರು.

ಮುಳ್ಳೇರಿಯ ಅಕ್ಕ:

ಮೂರು ದಿನ ಕರೆಂಟು ಇರಲಿಲ್ಲ, ತೋಟದಲ್ಲಿ ತೆಂಗಿನ ಮರ ಲೈನಿನ ಮೇಲೆ ಬಿದ್ದಿತ್ತು. ನಿನ್ನೆ ಬಂತು. ಪ್ರಿಂಟರ್ ಎದುರು ಕೂತವಳು ರಾತ್ರಿ ಹನ್ನೊಂದಕ್ಕೆ ಎದ್ದೆ.

ಒದ್ದೆ ಬೆರಳಿನ ಪರೀಕ್ಷೆ ಮಾಡಿದೆ. ಕಪ್ಪು ಅಲುಗಲಿಲ್ಲ. ಕೆಂಪು ಕುಂಕುಮದ ನೀರಿನ ಹಾಗೆ ಹರಿಯಿತು. ಅಣ್ಣ ಹೇಳಿದ ಹಾಗೇ ಅದೇ ಐವರಿ, ಅದೇ ಚಿತ್ರ, ಸೆಟ್ಟಿಂಗ್ ಮಾತ್ರ ‘ಪ್ಲೇನ್ ಪೇಪರ್’. ನಂಬಿದರೆ ನಂಬಿ, ‘ಭ’ದ ಸೀಳು ಬಂತು! ಬೋಲ್ಡ್ ತೆಗೆದು ಎರಡು ಪಾಯಿಂಟ್ ದೊಡ್ಡದು ಮಾಡಿದ ಮೇಲೆ ‘ಸಮೃದ್ಧಿ’ಯ ಒತ್ತು ಕೂಡ ಕನ್ನಡಕ ಇಲ್ಲದೆ ಓದಲಿಕ್ಕೆ ಆಯಿತು. ಹಾಳೆಗೆ ಬೈದ ಬೈಗುಳ ಎಲ್ಲ ಸೆಟ್ಟಿಂಗಿಗೆ ಹೋಗಬೇಕಾದದ್ದು. ನಾನೇ ಹಾಕಿದ ಸೆಟ್ಟಿಂಗ್, ಹಾಗಾಗಿ ಅದನ್ನು ಇವರಿಗೆ ಹೇಳಲಿಲ್ಲ.

ಸುರಂಗದ ಬಾಯಿ ಮಾತ್ರ ಈಗಲೂ ಸರಿಯಾಗಲಿಲ್ಲ. ಅಲೆ ಕಮ್ಮಿಯಾಯಿತು. ಆದರೆ ಅಷ್ಟು ಕಪ್ಪು ತುಂಬಿದಲ್ಲಿ ಉಜ್ಜಿದರೆ ಬೆರಳಿಗೆ ಹತ್ತುತ್ತದೆ. ಕೊನೆಗೆ ಚಿತ್ರವನ್ನೇ ತಿದ್ದಿದೆ. ಕಪ್ಪು ತುಂಬುವ ಬದಲು ಒತ್ತೊತ್ತಾಗಿ ಗೆರೆ ಎಳೆದೆ, ಒಳಗೆ ಹೋದಷ್ಟೂ ಗೆರೆ ಹತ್ತಿರ. ಈಗ ನೋಡಿದರೆ ಮೊದಲಿಗಿಂತ ಇದೇ ಚಂದ. ಕತ್ತಲೆಯಲ್ಲಿ ನೀರಿನ ತೇವ ಇರುವ ಹಾಗೆ ಕಾಣುತ್ತದೆ.

ಡಬಲ್ ಸೈಡ್ ಮ್ಯಾಟ್ ಕೂಡ ತರಿಸಿದೆ, 220 ಜಿಎಸ್ಎಂ, ಇಪ್ಪತ್ತು ಹಾಳೆ. ಐದು ಪದವನ್ನೂ ಚೀಟಿಯಲ್ಲಿ ಬರೆದು ಮಗನ ಕೈಯಲ್ಲಿ ಕೊಟ್ಟಿದ್ದೆ, ಈ ಸಲ ಕಡಲಾಸ್ ಗೊಂದಲ ಆಗಲಿಲ್ಲ. ಅದಕ್ಕೆ ಹಣತೆಯ ಚಿತ್ರ ತೆಗೆದೆ. ಹಣತೆಗೆ ಬಣ್ಣ ಉಂಟು. ಹಳದಿ, ಕಿತ್ತಳೆ ಬೆಳಕು ಐವರಿಯಲ್ಲಿ ಮಂಕಾಗಿತ್ತು, ಇದರಲ್ಲಿ ಉರಿಯುತ್ತದೆ. ಮಿಂಚೂ ಇಲ್ಲ. ಆದರೆ ಒಂದು ಬೇಜಾರು. ಒಳಗಡೆ ಫೌಂಟನ್ ಪೆನ್ನಿನಲ್ಲಿ ಹೆಸರು ಬರೆದರೆ ಮ್ಯಾಟಿನಲ್ಲಿ ಶಾಯಿ ಬೇಗ ಒಣಗುವುದಿಲ್ಲ, ಒಂದು ಕಾರ್ಡಿನಲ್ಲಿ ಅತ್ತಿಗೆಯ ಹೆಸರು ನನ್ನ ಅಂಗೈಗೆ ಬಂತು. ಐವರಿಯಲ್ಲಿ ಬರೆಯುವ ಸುಖವೇ ಬೇರೆ. ಹಾಗಾಗಿ ಗೆರೆ ಚಿತ್ರದ ನಲವತ್ತು ಕಾರ್ಡು ಐವರಿಗೆ, ಹಣತೆಯ ಇಪ್ಪತ್ತು ಮ್ಯಾಟಿಗೆ ಅಂತ ತೀರ್ಮಾನ. ಐವರಿ ಇಪ್ಪತ್ತೇ ಹಾಳೆ ಖರ್ಚು, ಉಳಿದದ್ದು ಬಿಸುವಿಗೆ.

ಎ6 ಅಳತೆ ಮೊದಲು ಸಣ್ಣದು ಅನ್ನಿಸಿತು, ಸುಮ. ಮಡಚಿ ಲಕೋಟೆಗೆ ಹಾಕಿದ ಮೇಲೆ ಸರಿ ಅನ್ನಿಸಿತು. ಅಂಗಡಿಯ ತಕ್ಕಡಿಯಲ್ಲಿ ಇಟ್ಟೆ, 12 ಗ್ರಾಂ ತೋರಿಸಿತು. ಗ್ರೇನ್ ಬಗ್ಗಿಸಿ ನೋಡಿದೆ, ಉದ್ದಕ್ಕೇ ಉಂಟು. ಖಾಲಿ ಪೆನ್ನಿನಲ್ಲಿ ಗೆರೆ ಎಳೆದು, ಉಬ್ಬು ಒಳಗೆ ಮಾಡಿ ಮಡಚಿದೆ. ಒಡೆಯಲಿಲ್ಲ.

ಒಂದೇ ಸಂಶಯ ಬಾಕಿ. ಪ್ರಿಂಟ್ ಆದ ಕೂಡಲೇ ಹಿಂದಿನ ಬದಿಗೆ ಹಾಕಬಹುದಾ? ಒಂದು ಹಾಳೆಯಲ್ಲಿ ಅವಸರ ಮಾಡಿದೆ, ರೋಲರಿನ ಚಕ್ರದ ಗುರುತು ಕಿರೀಟದ ಮೇಲೆ ಸಾಲಾಗಿ ಬಂತು.

ಉಪ್ಪಳದ ಸುಮ:

ಈ ಮಳೆಯಲ್ಲಿ ಕೂಡಲೇ ಬೇಡ ಅಕ್ಕಾ. ನಾನು ಸಂಜೆ ಎದುರಿನ ಬದಿ ತೆಗೆದು, ಫ್ಯಾನಿನ ಕೆಳಗೆ ಹರವಿ, ಮರುದಿನ ಬೆಳಿಗ್ಗೆ ಒಳಗಿನ ಬದಿ ತೆಗೆಯುತ್ತೇನೆ. ಒಂದರ ಮೇಲೆ ಒಂದು ಪೇರಿಸಬೇಡಿ. ಮತ್ತೆ ಎಲ್ಲವನ್ನೂ ಒಂದೇ ದಿನ ಮಾಡಬೇಡಿ, ಮೊದಲು ಒಂದು ಹಾಳೆ ಎರಡೂ ಬದಿ ತೆಗೆದು ಬೆಳಕಿಗೆ ಹಿಡಿದು ನೋಡಿ. ಒಳಗಿನ ಬರಹ ತಲೆಕೆಳಗಾಗಿ ಬಂದ ಹನ್ನೆರಡು ಕಾರ್ಡು ನನ್ನ ಕಪಾಟಿನಲ್ಲಿ ಇನ್ನೂ ಉಂಟು.

ಕುಂಬಳೆ ಅಚ್ಚುಮೊಳೆ:

ಕತ್ತರಿಸಲಿಕ್ಕೆ ಕತ್ತರಿ ಬೇಡ ತಂಗೀ. ಸ್ಟೀಲ್ ಸ್ಕೇಲ್, ಹೊಸ ಬ್ಲೇಡು. ಒಂದೇ ಸಲ ಒತ್ತದೆ ಮೂರು ಸಲ ಹಗುರವಾಗಿ ಎಳೆಯಿರಿ. ಹತ್ತು ಹಾಳೆಗೊಮ್ಮೆ ಬ್ಲೇಡು ಬದಲಿಸಿ, ಇಲ್ಲದಿದ್ದರೆ ಅಂಚು ಜೂಲು ಜೂಲು ಬರುತ್ತದೆ. ಸುರಂಗದ್ದು ನನಗೂ ಒಂದು ಕಳಿಸಿ. ನಮ್ಮ ಮನೆಯದ್ದು ಕುಸಿದು ಐದು ವರ್ಷ ಆಯಿತು.